ಊದುಗೊಳವೆ ತೊಳೆಯುವ ಹೊಳೆವ್ವ

ಬೆಳಕು ಹರಿಯುವ ಹೊತ್ತಿಗೆ ಹೊಳೆವ್ವ ಆಸ್ಪತ್ರೆಯ ಹಿಂಬದಿಯ ತೊಟ್ಟಿಯ ಮುಂದೆ ನಿಂತು ಸ್ಟೀಲಿನ ಕೊಳವೆಗಳನ್ನು ತೊಳೆಯುತ್ತಿದ್ದಾರೆ. ಬೊಮ್ಮಸಂದ್ರದ ಕಾರ್ಖಾನೆಗಳ ರಾತ್ರಿ ಪಾಳಿ ಮುಗಿಯುವ ಸೈರನ್ ಈಗಷ್ಟೇ ಕೂಗಿದೆ. ಕಾಂಪೌಂಡಿನಾಚೆ ಬಸ್ಸಿಗೆ ಓಡುವವರ ಚಪ್ಪಲಿಗಳ ಸದ್ದು. ಕೊಳವೆಗಳು ಒಂದೊಂದೂ ಹತ್ತಿರ ಹತ್ತಿರ ಮೊಳದುದ್ದ, ಕಿರುಬೆರಳಿನ ದಪ್ಪ. ಹೊಳೆವ್ವ ಒಂದನ್ನು ಎತ್ತಿ ಕಣ್ಣಿಗಿಟ್ಟು ಬೆಳಕಿನ ಕಡೆ ನೋಡುತ್ತಾರೆ, ಒಳಗೆ ಉದ್ದನೆಯ ಬ್ರಷ್ ತೂರಿಸಿ ಎಳೆಯುತ್ತಾರೆ, ಮತ್ತೆ ನೋಡುತ್ತಾರೆ. ಸೌದೆ ಒಲೆಯ ಮನೆಯಲ್ಲಿ ಬೆಳೆದವಳು ನಾನು. "ಈ ಊದುಗೊಳವೆಗಳು ಕ್ಯಾಂಟೀನಿನವಾ?" ಎಂದು ಕೇಳಿಬಿಡುತ್ತೇನೆ.

"ಕ್ಯಾಂಟೀನಿನವಲ್ರಿ ಅಕ್ಕಾರ," ಹೊಳೆವ್ವ ನಗುತ್ತಾರೆ. "ಇವನ್ನ ಮನಷ್ಯಾರ ಬಾಯಾಗ ಹಾಕಿ, ಉಸಿರಿನ ನಳಿಗಿ ಒಳಗ ಇಳಸ್ತಾರ. ನಾನೂ ಊದುಗೊಳವಿ ಅಂತೇ ಅಂತೀನಿ. ಡಾಕ್ಟರ್ ಬೈತಾರ."

ನಾನು ಕೊಳವೆಯನ್ನು ನೋಡುತ್ತೇನೆ, ಹೊಳೆವ್ವನನ್ನು ನೋಡುತ್ತೇನೆ. ತಮಾಷೆ ಮಾಡುತ್ತಿದ್ದಾರೆ ಅಂದುಕೊಳ್ಳಲು ಬಹಳ ಆಸೆಯಾಗುತ್ತದೆ. ಆ ಕೊಳವೆ ಎಲ್ಲಿಯೂ ಬಾಗುವುದಿಲ್ಲ, ಕುಗ್ಗುವುದಿಲ್ಲ. ಅಪ್ಪಟ ಕಬ್ಬಿಣದ ಜಾತಿ. ಮನುಷ್ಯನ ಗಂಟಲು ಹಾಗಿಲ್ಲವಲ್ಲ! ನನ್ನ ಕೈ ತಾನಾಗಿ ಕುತ್ತಿಗೆಗೆ ಹೋಗುತ್ತದೆ. ಆ ದಿನವಿಡೀ ಅದು ಬಹುಮಟ್ಟಿಗೆ ಅಲ್ಲಿಯೇ ಇತ್ತು.

ನನಗೆ ಪತ್ರಿಕೆಯ ಪುರವಣಿಯವರು ಹೇಳಿ ಕಳಿಸಿದ್ದು ಬೇರೆ. ಕೈಗಾರಿಕಾ ಪ್ರದೇಶದ ಅಂಚಿನಲ್ಲಿರುವ ಈ ಧರ್ಮಾರ್ಥ ಆಸ್ಪತ್ರೆಯಲ್ಲಿ ಉಸಿರಿನ ನಾಳ ಕಿರಿದಾದವರಿಗೆ ಚಿಕಿತ್ಸೆ ಕೊಡುವ ಡಾಕ್ಟರ್ ಹೇಮಲತಾ ಇದ್ದಾರೆ, ಅವರನ್ನು ಮಾತಾಡಿಸಿಕೊಂಡು ಬಾ ಅಂದಿದ್ದರು. ಡಾಕ್ಟರು ಫೋನಿನಲ್ಲಿಯೇ ನನ್ನ ದಾರಿ ತಿರುಗಿಸಿದರು. "ನನ್ನ ಬಗ್ಗೆ ಬರೆಯೋಕೆ ಏನಿದೆ? ನಾನು ಕೊಳವೆ ಇಳಿಸ್ತೀನಿ. ತಲೆ ಹಿಡಿಯೋರು ಬೇರೆ ಇದ್ದಾರೆ, ಅವರನ್ನ ನೋಡಿ. ಮಂಗಳವಾರ ಬನ್ನಿ, ಬೆಳಿಗ್ಗೆ ತಿಂಡಿ ತಿನ್ನದೆ ಬಂದ್ರೆ ಒಳ್ಳೇದು." ಕೊನೆಯ ಮಾತನ್ನು ನಾನು ಮರ್ಯಾದೆಯಾಗಿ ಕೇಳಬೇಕಿತ್ತು. ಮಡಿವಾಳದಲ್ಲಿ ಬಸ್ಸು ಹತ್ತುವ ಮುಂಚೆ ಎರಡು ಇಡ್ಲಿ, ಒಂದು ವಡೆ ತಿಂದೆ.

ಹೊಳೆವ್ವನ ಊರು ಇಳಕಲ್ ಹತ್ತಿರದ ಒಂದು ಹಳ್ಳಿ. ರಸ್ತೆಗೆ ಡಾಂಬರು ಹಾಕುವ ಗ್ಯಾಂಗಿನ ಜೊತೆ ಹೊಸೂರು ರಸ್ತೆಗೆ ಬಂದವರು, ಗ್ಯಾಂಗು ಮುಂದೆ ಹೋದರೂ ಇಲ್ಲಿಯೇ ಉಳಿದರು. ಬಿಸಿ ಡಾಂಬರು ಸಿಡಿದ ಕಲೆಗಳು ಮೊಣಕೈವರೆಗೂ ಇವೆ. ಆಸ್ಪತ್ರೆಯಲ್ಲಿ ಮೊದಲು ನೆಲ ಒರೆಸಿದರು, ಆಮೇಲೆ ವಾರ್ಡಿನಲ್ಲಿ ಬೆಡ್‌ಪ್ಯಾನ್ ಎತ್ತಿದರು. ಆರು ವರ್ಷದ ಹಿಂದೆ ಡಾಕ್ಟರ್ ಹೇಮಲತಾ ಈ ಚಿಕಿತ್ಸೆ ಶುರು ಮಾಡಿದಾಗ ತಲೆ ಹಿಡಿಯಲು ಬಂದ ಮೂರ್ನಾಲ್ಕು ಜನ ಮೊದಲ ದಿನವೇ ಮುಖ ತಿರುಗಿಸಿಕೊಂಡು ಹೊರಗೆ ಓಡಿದರಂತೆ. ಬಾಗಿಲ ಬಳಿ ಬಕೆಟ್ ಹಿಡಿದು ನಿಂತಿದ್ದ ಹೊಳೆವ್ವ ಓಡಲಿಲ್ಲ. ಅಷ್ಟೇ ಅವರ ಅರ್ಹತೆ ಎಂದು ಅವರೇ ಹೇಳುತ್ತಾರೆ.

"ಡಾಂಬರ್ ಕುದಿಯೂದು ನೋಡಿದಾಕಿಗೆ ಇದೇನ್ ಮಹಾ ಅನಿಸ್ತ್ರಿ. ಬಂದು ಹಿಡ್ಕೋ ಅಂದ್ರು, ಹಿಡ್ಕೊಂಡೆ. ಇನ್ನೂ ಬಿಟ್ಟಿಲ್ಲ."

ಬೊಮ್ಮಸಂದ್ರ ಹಳ್ಳಿಯೊಳಗೆ ಶೀಟಿನ ಮನೆ. ನಲ್ಲಿಯಲ್ಲಿ ನೀರು ಬರುವುದು ನಸುಕಿನಲ್ಲಿ, ಅದನ್ನು ತುಂಬಿಸಿಟ್ಟು, ರೊಟ್ಟಿ ಬಡಿದಿಟ್ಟು ನಡೆದುಕೊಂಡು ಬರುತ್ತಾರೆ. ಕೊಳವೆ ಅದ್ದಿಡುವ ಔಷಧಿಯ ನೀರಿಗೆ ಅವರ ಬೆರಳುಗಳ ಚರ್ಮ ಸುಲಿದು ಬಿಳಿಚಿಕೊಂಡಿದೆ. ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲವಂತೆ. ಹಿಟ್ಟು ನಾದಿದರೆ ರೊಟ್ಟಿಯೂ ಆಸ್ಪತ್ರೆ ನಾರುತ್ತದೆ ಎಂದು ಗಂಡ ಗೊಣಗುತ್ತಾರಂತೆ.

"ಯಜಮಾನರ ಹೆಸರು?" ನಾನು ಪೆನ್ನು ತೆರೆಯುತ್ತೇನೆ.

ಹೊಳೆವ್ವ ಸೆರಗು ಸರಿಮಾಡಿಕೊಂಡು ಬ್ರಷ್ಷಿನ ಕಡೆ ನೋಡುತ್ತಾರೆ. ಅಷ್ಟು ಹೊತ್ತು ಪಟಪಟ ಮಾತಾಡುತ್ತಿದ್ದವರು ಗಪ್‌ಚಿಪ್. ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್ ಉರುಳಿಸುತ್ತಿದ್ದ ಸರ್ಜಾಪುರ ಕಡೆಯ ಭೀಮಪ್ಪ ಅವರ ನೆರವಿಗೆ ಬರುತ್ತಾರೆ. ಭೀಮಪ್ಪ ಇದೇ ಚಿಕಿತ್ಸಾ ಕೋಣೆಯ ಇನ್ನೊಬ್ಬ ಸಹಾಯಕ. "ಅವ್ರು ಯೋಳಲ್ಲ ಮೇಡಂ, ಅವ್ರ ಕಡೆ ಗಂಡನ ಎಸರು ಬಾಯಲ್ಲಿ ತರಕಿಲ್ಲ. ಸಂಗಣ್ಣ ಅಂತ. ಬರ್ಕೊಳಿ." ಹೊಳೆವ್ವ ತಲೆ ಬಗ್ಗಿಸಿಯೇ ನಗುತ್ತಾರೆ. ನಾನೂ ನಗುತ್ತೇನೆ.

ಮೊದಲ ರೋಗಿ ಪೀಣ್ಯದ ಒಬ್ಬ ಟರ್ನರ್. ಲೇತ್ ಮೆಷಿನ್ನಿನ ಮುಂದೆ ಇಪ್ಪತ್ತು ವರ್ಷ ನಿಂತ ಗಟ್ಟಿ ಆಳು, ಈಗ ಹತ್ತು ಮೆಟ್ಟಿಲು ಹತ್ತಿದರೆ ಉಸಿರು ಸಿಳ್ಳೆ ಹೊಡೆಯುತ್ತದೆ. ಅರಿವಳಿಕೆ ಕೊಟ್ಟು ಮಲಗಿಸುತ್ತಾರೆ. ಹೊಳೆವ್ವ ಮೇಜಿನ ತುದಿಯಲ್ಲಿ ಕೂತು, ಆತನ ತಲೆಯನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡು ಹಿಂದಕ್ಕೆ ಬಾಗಿಸುತ್ತಾರೆ. ಬಾಣಂತಿ ಮನೆಯಲ್ಲಿ ಅಜ್ಜಿಯರು ಕೂಸಿನ ತಲೆಗೆ ನೀರು ಹೊಯ್ಯುವಾಗ ಹಿಡಿಯುತ್ತಾರಲ್ಲ, ಹಾಗೆ. ಗದ್ದ ಮೇಲಾಗುತ್ತದೆ, ಬಾಯಿ, ಗಂಟಲು, ಎದೆ ಒಂದೇ ಗೆರೆಗೆ ಬರುತ್ತವೆ. ಡಾಕ್ಟರು ಆ ಮೊಳದುದ್ದದ ಕೊಳವೆಯನ್ನು ಬಾಯಿಗಿಟ್ಟು ಇಳಿಸುತ್ತಾರೆ. ಇಳಿಸುತ್ತಾರೆ. ಇನ್ನೂ ಇಳಿಸುತ್ತಾರೆ! ಎಲ್ಲಿಗೆ ಹೋಗುತ್ತಿದೆ ಅದು? "ಎಡಕ್ಕೆ" ಅನ್ನುತ್ತಾರೆ, ಹೊಳೆವ್ವ ತಲೆಯನ್ನು ಕೂದಲೆಳೆಯಷ್ಟು ಹೊರಳಿಸುತ್ತಾರೆ. "ಸಾಕು." ಕೊಳವೆಯ ತುದಿ ಮಾತ್ರ ಹೊರಗಿದೆ, ಉಳಿದದ್ದೆಲ್ಲ ಆ ಮನುಷ್ಯನ ಒಳಗೆ.

ಆಮೇಲಿನದು ನನಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ನಾನು ಕಾರಿಡಾರಿನ ಬೆಂಚಿನ ಮೇಲಿದ್ದೆ, ಭೀಮಪ್ಪ ರಟ್ಟಿನಿಂದ ಗಾಳಿ ಹಾಕುತ್ತಿದ್ದರು. ಇಡ್ಲಿ ವಡೆಯ ವಿಚಾರ ಬೇಡ.

"ಪರ್ವಾಗಿಲ್ಲ ಮೇಡಂ, ಪೊಲೀಸ್ನೋರೇ ಬಿದ್ದವ್ರೆ," ಭೀಮಪ್ಪ ಸಮಾಧಾನ ಹೇಳುತ್ತಾರೆ.

ಎರಡು ಕೇಸುಗಳ ನಡುವೆ ಡಾಕ್ಟರ್ ಹೇಮಲತಾ ಟೀ ಹಿಡಿದು ಬಂದು ಪಕ್ಕದಲ್ಲಿ ಕೂರುತ್ತಾರೆ. ದಾವಣಗೆರೆಯವರು, ನಡು ವಯಸ್ಸು, ಮಾತು ಚುರುಕು. ಇಲ್ಲಿಗೆ ಬರುವ ರೋಗಿಗಳಲ್ಲಿ ಅರ್ಧಕ್ಕರ್ಧ ಜನ ಯಾವುದೋ ಒಂದು ಕಡೆ ಸಾವಿನಿಂದ ಪಾರಾದವರೇ ಎಂದು ಅವರು ಹೇಳಿದಾಗ ನಾನು ಮತ್ತೊಮ್ಮೆ ಬೆಚ್ಚುತ್ತೇನೆ. ಅಪಘಾತ, ವಿಷ, ಹಾವಿನ ಕಡಿತ. ಉಸಿರು ನಿಂತವರನ್ನು ದೊಡ್ಡಾಸ್ಪತ್ರೆಯಲ್ಲಿ ಗಂಟಲಿಗೆ ನಳಿಗೆ ಹಾಕಿ, ಯಂತ್ರದಿಂದ ಉಸಿರಾಡಿಸಿ ಉಳಿಸುತ್ತಾರೆ. ಆ ನಳಿಗೆ ವಾರಗಟ್ಟಲೆ ಒಳಗೆ ಒತ್ತಿಕೊಂಡಿದ್ದ ಜಾಗದಲ್ಲಿ ಗಾಯವಾಗುತ್ತದೆ. ಮನೆಗೆ ಹೋದ ಮೇಲೆ ಗಾಯ ಮಾಯುತ್ತದೆ, ಮಾಯುತ್ತ ಬಿಗಿಯುತ್ತದೆ, ಉಸಿರಿನ ದಾರಿ ಪೆನ್ನಿನ ರೀಫಿಲ್ಲಿನಷ್ಟಾಗುತ್ತದೆ.

"ಅಂದ್ರೆ ಉಳಿಸಿದ್ದೇ ಕತ್ತು ಹಿಸುಕುತ್ತೆ ಅಂತಲಾ?" ನಾನು ಎದ್ದು ಕೂರುತ್ತೇನೆ.

"ಹೌದು. ಆಮೇಲಿನದು ಕೇಳಿ. ಆ ಕಿರಿದಾದ ಜಾಗ ಅಗಲಿಸಿ, ಮತ್ತೆ ಮುಚ್ಚದ ಹಾಗೆ ಒಳಗೆ ಒಂದು ಸಿಲಿಕೋನ್ ಕೊಳವೆ ಕೂರಿಸ್ತೀವಿ. ಸ್ಟೆಂಟ್. ಮೇಲೆ ಕೆಳಗೆ ಅದು ಎಲ್ಲಿ ಉಜ್ಜುತ್ತೋ ಅಲ್ಲಿ ಮೈ ಮತ್ತೆ ಗಾಯ ಅಂದ್ಕೊಂಡು ಮಾಂಸ ಬೆಳೆಸುತ್ತೆ. ಕೆಂಪಗೆ, ದಾಳಿಂಬೆ ಕಾಳಿನ ಹಾಗೆ. ಬಿಟ್ರೆ ಕೊಳವೆ ಬಾಯಿಯನ್ನೇ ಮುಚ್ಚಿಬಿಡುತ್ತೆ. ಅದಕ್ಕೇ ಕರೆಸಿ ಕರೆಸಿ ನೋಡ್ತೀವಿ, ಕಿತ್ತು ಸುಟ್ಟು ತೆಗೀತೀವಿ. ಹೊಳೆವ್ವ ಅದಕ್ಕೆ ದುರ್ಮಾಂಸ ಅಂತಾರೆ. ನಮ್ಮ ಪುಸ್ತಕದ ಹೆಸರಿಗಿಂತ ಚೆನ್ನಾಗಿದೆ."

ನನಗೆ ಸಿಟ್ಟೇ ಬರುತ್ತದೆ. ಹಾವಿನಿಂದ ಉಳಿಸಿದ್ದು ನಳಿಗೆ, ನಳಿಗೆಯಿಂದ ಬಂದದ್ದು ಕೇಡು, ಕೇಡಿಗೆ ಹಾಕಿದ್ದು ಇನ್ನೊಂದು ಕೊಳವೆ, ಅದಕ್ಕೂ ಮೈಗೆ ಮುನಿಸು. ಯಾರ ಮೇಲೆ ಸಿಟ್ಟು ಮಾಡುವುದು ಎಂದು ಮಾತ್ರ ತಿಳಿಯುವುದಿಲ್ಲ. ಡಾಕ್ಟರು ಟೀ ಲೋಟ ಕೆಳಗಿಟ್ಟು, ಇವತ್ತಿನ ಮುಂದಿನ ಕೇಸು ಚನ್ನಕ್ಕ ಎನ್ನುತ್ತಾರೆ. ಹಾಗೆಂದು ಬಾಗಿಲ ಬಳಿ ಕೂತಿದ್ದ ಹೊಳೆವ್ವನ ಕಡೆ ನೋಡುತ್ತಾರೆ. ಹೊಳೆವ್ವ ಎದ್ದು ತೊಟ್ಟಿಯ ಕಡೆ ನಡೆಯುತ್ತಾರೆ.

ಚನ್ನಕ್ಕ ಕುಷ್ಟಗಿ ಕಡೆಯ ಹೆಂಗಸು, ಇನ್ನೂ ಇಪ್ಪತ್ತೈದು ದಾಟಿರಲಾರದು. ಗಂಡ ಮುರಿಗೆಪ್ಪ ಕಬ್ಬಿಣದ ಸರಳು ಬಾಗಿಸುವ ಕೆಲಸದವರು, ಆಕೆ ಇಟ್ಟಿಗೆ ಹೊರುತ್ತಿದ್ದಳು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಕಂಪನಿಯ ಕಟ್ಟಡ ಏಳುತ್ತಿದ್ದಾಗ ಶೆಡ್ಡಿನ ನೆಲದ ಮೇಲೆ ಮಲಗಿದ್ದವಳಿಗೆ ಕಟ್ಟುಹಾವು ಕಚ್ಚಿತು. ದೊಡ್ಡಾಸ್ಪತ್ರೆಯಲ್ಲಿ ಎರಡು ವಾರ ಯಂತ್ರದ ಉಸಿರು. ಬದುಕಿದಳು. ತಿಂಗಳು ಕಳೆಯುವುದರೊಳಗೆ ಉಸಿರು ಸಿಳ್ಳೆ ಹಾಕತೊಡಗಿತು. ದಮ್ಮು ಎಂದು ಗುಳಿಗೆ ನುಂಗಿಸಿದರು. ಇಲ್ಲಿಗೆ ಬರುವಾಗ ಮುರಿಗೆಪ್ಪ ಆಕೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದಿದ್ದರಂತೆ.

ಕಳೆದ ದಸರೆಯ ಹೊತ್ತಿಗೆ ಆಕೆಗೆ ಕೂರಿಸಿದ್ದು ಮೂರು ಬಾಯಿಯ ಕೊಳವೆ. ಎರಡು ಬಾಯಿ ಉಸಿರಿನ ನಾಳದೊಳಗೆ ಮೇಲಕ್ಕೊಂದು, ಕೆಳಕ್ಕೊಂದು. ಮೂರನೆಯದು ಕುತ್ತಿಗೆಯ ಮುಂಭಾಗದಲ್ಲಿ ಮಾಡಿದ ತೂತಿನಿಂದ ಹೊರಗೆ. ಹೊರಗಿನ ಬಾಯಿಗೆ ಬೂಚು ಹಾಕಿದರೆ ಗಾಳಿ ಮೂಗು ಬಾಯಿಯಿಂದ ಆಡುತ್ತದೆ, ಮಾತು ಬರುತ್ತದೆ. ಬೂಚು ತೆಗೆದರೆ ಗಾಳಿ ಕುತ್ತಿಗೆಯಿಂದಲೇ, ಆದರೆ ಮಾತಿಲ್ಲ. ಇವತ್ತು ಆ ಕೊಳವೆಯನ್ನು ಪೂರ್ತಿ ತೆಗೆದು ನೋಡುವ ದಿನ. ನಾಳ ತನ್ನ ಕಾಲ ಮೇಲೆ ನಿಂತರೆ ಚನ್ನಕ್ಕ ಎಲ್ಲರ ಹಾಗೆ ಉಸಿರಾಡುತ್ತಾಳೆ. ಕುಸಿದರೆ ಅಥವಾ ದುರ್ಮಾಂಸ ಮತ್ತೆ ಹಬ್ಬಿದ್ದರೆ ಕೊಳವೆ ಮರಳಿ ಒಳಗೆ ಹೋಗುತ್ತದೆ, ಬಹುಶಃ ಬದುಕಿಡೀ.

ಚನ್ನಕ್ಕ ಗಂಡನ ಜೊತೆ ಕಾರಿಡಾರಿಗೆ ಬರುತ್ತಾಳೆ. ಕುತ್ತಿಗೆ ಬರಿದಾಗಿದೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಬೂಚಿನ ಬಿಳಿ ತುದಿ ಕಾಣುತ್ತದೆ. ಭೀಮಪ್ಪನಿಗೆ ನಮಸ್ಕಾರ ಮಾಡುತ್ತಾಳೆ, ಡಾಕ್ಟರಿಗೆ ಮಾಡುತ್ತಾಳೆ, ಗುರುತಿಲ್ಲದ ನನಗೂ ಮಾಡುತ್ತಾಳೆ. ಕೊಳವೆಗಳ ಟ್ರೇ ಹಿಡಿದು ಎದುರಿಗೆ ಬಂದ ಹೊಳೆವ್ವನನ್ನು ಕಂಡ ಕೂಡಲೇ ಆಕೆಯ ಅಂಗೈ ಬೂಚನ್ನು ಮುಚ್ಚಿಕೊಳ್ಳುತ್ತದೆ. ಹೊಳೆವ್ವ ಗೋಡೆಗೆ ಸರಿದು ದಾರಿ ಬಿಡುತ್ತಾರೆ. ಒಳಗೆ ಹೋಗುವುದು ಭೀಮಪ್ಪ. ಬಾಗಿಲು ಮುಚ್ಚಿಕೊಳ್ಳುತ್ತದೆ, ಹೊಳೆವ್ವ ಹೊರಗೇ ಉಳಿಯುತ್ತಾರೆ.

ನಾನು ಬಾಯಿ ತೆರೆದುಕೊಂಡು ನಿಲ್ಲುತ್ತೇನೆ. ಯಾರ ತಲೆ ಹಿಡಿಯುವ ಕೆಲಸ ನೋಡಲು ನಾನು ಬಂದೆನೋ, ಅವರನ್ನೇ ಬೇಡ ಅಂದಿದ್ದಾರೆ!

"ಆಕಿ ಬ್ಯಾಡ ಅಂದಾಳ್ರಿ. ಶಿವರಾತ್ರಿಯಿಂದ ಹಿಂಗ ಐತಿ," ಹೊಳೆವ್ವ ಹೇಳುತ್ತಾರೆ. ಮತ್ತೆ ತೊಟ್ಟಿಯ ಮುಂದೆ ನಿಂತು, ಆಗಲೇ ತೊಳೆದ ಕೊಳವೆಯನ್ನೇ ಮತ್ತೆ ತೊಳೆಯುತ್ತ, ಶಿವರಾತ್ರಿಯ ಹಿಂದಿನ ವಾರ ಆದದ್ದನ್ನು ಹೇಳುತ್ತಾರೆ.

ಅವತ್ತು ಚನ್ನಕ್ಕ ತಪಾಸಣೆಗೆ ಬಂದಿದ್ದಳು. ಬೂಚು ಹಾಕಿರಲಿಲ್ಲ, ಕೈಯಲ್ಲಿ ಹಿಡಿದುಕೊಂಡಿದ್ದಳು. ಬಿಸಿಲಿಗೆ ತೆಗೆದಿರಬೇಕು ಎಂದುಕೊಂಡರು. ಮಾತು ಹೇಗಿದೆ ನೋಡೋಣ ಎಂದು ಡಾಕ್ಟರು ಬೂಚು ಹಾಕಲು ಹೇಳಿದರು. ಎಣ್ಣೆ ಬಾಟಲಿಗೆ ಹಾಕುವ ಹಾಗೆ ಒಂದು ಸುತ್ತು ತಿರುವಿ ಗಟ್ಟಿಯಾಗಿ ಹಾಕಿದ್ದು ಹೊಳೆವ್ವ. ಕೋಣೆಯಲ್ಲಿದ್ದವರೆಲ್ಲ ಹೆಚ್ಚುಕಡಿಮೆ ಒಂದೇ ಕಡೆಯವರು, ಎಲ್ಲರಿಗೂ ಸಲುಗೆ. ಮದುವೆ ಮನೆಯಲ್ಲಿ ಹೊಸ ಮದುಮಗಳನ್ನು ಹೊಸ್ತಿಲಲ್ಲಿ ತಡೆದು, ಗಂಡನ ಹೆಸರನ್ನು ಪ್ರಾಸದ ಒಡಪಿನಲ್ಲಿ ಸೇರಿಸಿ ಹೇಳು ಎಂದು ಕೇಳುವ ಹಾಗೆ ಡಾಕ್ಟರು ಕೇಳಿದರು: "ಎಲ್ಲಿ, ಗಂಡನ ಹೆಸರು ಹೇಳು ನೋಡೋಣ!"

ಚನ್ನಕ್ಕ ಹೇಳಲಿಲ್ಲ. ತಲೆ ಬಗ್ಗಿಸಿದಳು. ಸೆರಗನ್ನು ಕುತ್ತಿಗೆಯ ಮೇಲಿಂದ ಬಾಯಿಯವರೆಗೆ ಎಳೆದುಕೊಂಡಳು. ಬಾಗಿಲಲ್ಲಿದ್ದ ಮುರಿಗೆಪ್ಪನಿಗೂ ನಾಚಿಕೆ, ಹೆಂಡತಿ ತನ್ನ ಹೆಸರು ಹೇಳುವಾಗ ನೋಡುತ್ತ ನಿಲ್ಲುವುದು ಹೇಗೆ ಎಂದು ಆ ಕಡೆ ತಿರುಗಿಕೊಂಡರು.

"ಎಲ್ರೂ ನಕ್ಕಿವ್ರಿ. ನಾನಂತೂ ಜಾಸ್ತಿ ನಕ್ಕೆ. ಒಡಪು ಹಾಕಿ ಹೇಳವ್ವ, ಮದವಿ ಒಳಗ ಹೇಳಿಲ್ಲೇನು, ಅಂತ ಆಕಿ ಹೆಗಲಿಗೆ ಹೊಡದೆ. ಆಕಿ ಸೆರಗಿನ ಒಳಗ ಎರಡೂ ಕೈಲೆ ಬೂಚು ಕೀಳಾಕ ಹತ್ತಿದ್ಲು ಅಕ್ಕಾರ. ನಾ ಹಾಕಿದ್ದು ಬಿಗಿ ಆಗಿತ್ತು, ಬರವಲ್ದಾಗಿತ್ತು. ನಾವು ಇಲ್ಲಿ ನಗಾಕ ಹತ್ತೇವಿ."

ಕೊಳವೆಯ ಮೇಲಿನ ಬಾಯಿಯನ್ನು ದುರ್ಮಾಂಸ ಪೂರ್ತಿ ಮುಚ್ಚಿಬಿಟ್ಟಿತ್ತು. ಮೂಗು ಬಾಯಿಂದ ಒಂದು ಎಳೆ ಗಾಳಿಯೂ ಹೋಗುವಂತಿರಲಿಲ್ಲ. ಆಕೆಗೆ ಉಳಿದಿದ್ದ ಒಂದೇ ಬಾಯಿ ಕುತ್ತಿಗೆಯದು, ಅದಕ್ಕೆ ಬೂಚು ಬಿದ್ದಿತ್ತು. ಸುತ್ತಲೂ ತನ್ನವರೇ ನಗುತ್ತ ನಿಂತಿರುವಾಗ ಒಂದು ಹೆಣ್ಣು ಉಸಿರುಗಟ್ಟಿ ಸಾಯುತ್ತಿದ್ದಳು, ನಾಚಿಕೊಂಡಿದ್ದಾಳೆ ಎಂದು ಎಲ್ಲರೂ ತಿಳಿದಿದ್ದರು.

"ಕಾಲುಂಗುರದ ಸಪ್ಪಳ ಕೇಳಿಸ್ತು," ಹೊಳೆವ್ವ ಹೇಳುತ್ತಾರೆ. "ನೆಲಕ್ಕ ಕಾಲು ತಿಕ್ಕಾಕ ಹತ್ತಿದ್ಲು, ಕರ್ ಕರ್ ಅಂತ. ನಾಚಿಕಿ ಆದ್ರ ಹೆಬ್ಬೆಟ್ಟಿನಿಂದ ನೆಲ ಗೀರ್ತಾರ, ಇದು ಹಂಗಲ್ಲ ಅನಿಸ್ತು. ಸೆರಗು ಹರದ ಬಿಟ್ಟೆ. ತುಟಿ ನೀಲಿ ಆಗಿದ್ವು. ಬೂಚು ಹಲ್ಲೀಲೆ ಕಚ್ಚಿ ಕಿತ್ತೀನ್ರಿ, ಕೈಗೆ ಬರಲಿಲ್ಲ."

ಚನ್ನಕ್ಕ ಉಳಿದಳು. ಅವತ್ತೇ ದುರ್ಮಾಂಸ ತೆಗೆದರು. ಆಮೇಲೂ ಅದು ಬಿಡಲಿಲ್ಲ, ಬೆಳೆಯುತ್ತಲೇ ಇತ್ತು, ಡಾಕ್ಟರು ಸುಡುತ್ತಲೇ ಇದ್ದರು. ಆದರೆ ಪ್ರಜ್ಞೆ ಬಂದ ಕೂಡಲೇ ಚನ್ನಕ್ಕ ಮೊದಲು ಮಾಡಿದ್ದು ಹೊಳೆವ್ವನ ಕಡೆ ಬೆರಳು ತೋರಿಸಿ ಬೇಡ ಎಂದು ತಲೆಯಾಡಿಸಿದ್ದು. ಅಂದಿನಿಂದ ಹೊಳೆವ್ವನ ಕೈ ಆಕೆಯ ಹತ್ತಿರ ಹೋಗಿಲ್ಲ. ಇಬ್ಬರ ನಡುವೆ ಒಂದು ಮಾತೂ ಇಲ್ಲ. ಆಕೆ ಬರುವ ದಿನ ಹೊಳೆವ್ವ ಕೊಳವೆ ತೊಳೆಯುವುದಷ್ಟೇ.

ಈ ಬಗ್ಗೆ ಡಾಕ್ಟರ್ ಹೇಮಲತಾ ಏನನ್ನೂ ಮುಚ್ಚಿಡುವುದಿಲ್ಲ. "ಬೂಚು ಹಾಕು ಅಂದಿದ್ದು ನಾನು, ಗಂಡನ ಹೆಸರು ಕೇಳಿದ್ದೂ ನಾನು. ಬೇರೆ ರಾಜ್ಯದ ಡಾಕ್ಟರ್ ಯಾರಾದ್ರೂ ಆಗಿದ್ರೆ ಮಾತು ಬರ್ಲಿಲ್ಲ ಅಂತ ತಕ್ಷಣ ಬೂಚು ತೆಗೀತಿದ್ರು. ನಾವು ಆಕೆಯ ಕಡೆಯವರು. ಆ ಮೌನ ನಮಗೆ ಅರ್ಥವಾಯ್ತು ಅಂದ್ಕೊಂಡ್ವಿ, ಅದೇ ತಪ್ಪಾಗಿದ್ದು," ಎಂದು ಅವರು ಆಮೇಲೆ ನನಗೆ ಹೇಳಿದರು.

ಅವತ್ತಿನಿಂದ ಕೋಣೆಯಲ್ಲಿ ಹೊಳೆವ್ವ ಒಂದು ಕಟ್ಟುಪಾಡು ತಂದಿದ್ದಾರೆ. ಯಾರೇ ಇರಲಿ, ಸೆರಗು, ದುಪಟ್ಟಾ, ಮಫ್ಲರ್ ಎಲ್ಲ ಕುತ್ತಿಗೆಯಿಂದ ಕೆಳಗೆ. ಬೂಚು ಹಾಕಿದ ಮೇಲೆ, ಅರಿವಳಿಕೆ ಇಳಿದ ಮೇಲೆ ರೋಗಿ ತನ್ನದೇ ಹೆಸರು ಹೇಳಬೇಕು, ಗಂಡನದಲ್ಲ, ದೇವರದಲ್ಲ. ಹೆಸರು ಬರುವ ತನಕ ಕೋಣೆಯಲ್ಲಿ ಯಾರೂ ನಗುವಂತಿಲ್ಲ. ಡಾಕ್ಟರೂ ಸಹ. ಬೆಳಿಗ್ಗೆ ಆ ಪೀಣ್ಯದ ಟರ್ನರ್ ಎಚ್ಚರವಾದಾಗ ನಾನು ಬೆಂಚಿನಿಂದೆದ್ದು ಇಣುಕಿ ನೋಡಿದ್ದೆ, ಕೋಣೆಯವರೆಲ್ಲ ಗಂಭೀರವಾಗಿ ನಿಂತು ಆತನ ಬಾಯಿಯನ್ನೇ ನೋಡುತ್ತಿದ್ದರು. ನನಗದು ವಿಚಿತ್ರವಾಗಿ ಕಂಡಿತ್ತು.

"ಹಂಗಾರೆ ನಿಮ್ಮ ಆಸೆ ಏನು ಹೊಳೆವ್ವ?" ಎಂದು ಕೇಳುತ್ತೇನೆ. ಇಂಥ ಲೇಖನಕ್ಕೆ ಕೊನೆಯಲ್ಲಿ ಕೇಳುವ ಪ್ರಶ್ನೆ, ನಾನು ಮೊದಲೇ ಕೇಳಿಬಿಟ್ಟೆ.

"ಆಕಿ ಬಾಯಾಗಿಂದ ಒಂದ್ ಬೈಗುಳ ಆದ್ರೂ ಕೇಳಬೇಕ್ರಿ," ಅನ್ನುತ್ತಾರೆ. "ಇವತ್ತು ಕೊಳವಿ ಹೊರಗ ಬಂತಂದ್ರ ಆಕಿ ಇನ್ನ ಇಲ್ಲಿಗಿ ಬರಂಗಿಲ್ಲ. ಊರಿಗೆ ಹೊಕ್ಕಾಳ. ನನ್ನ ಕೈ ಅಂದ್ರ ಆಕಿಗೆ ಆ ಬೂಚೇ ನೆನಪು ಇರತೈತಿ, ಸಾಯೂತನ." ಕೊಳವೆಯ ನೀರು ಜಾಡಿಸಿ, "ಬರಬಾರದು ಅಂತೇ ಬೇಡ್ಕೊಳ್ಳಾಕ ಹತ್ತೇನ್ರಿ. ಕೊಳವಿ ಹೊರಗ ಬರಲಿ. ನನ್ನ ಮಾತು ಬಿಡ್ರಿ."

ಒಳಗಿನಿಂದ ಯಾವ ಸದ್ದೂ ಇಲ್ಲ. ಮುರಿಗೆಪ್ಪ ಬಾಗಿಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಸರಳು ಬಾಗಿಸಿ ಗಂಟುಗಟ್ಟಿದ ಕೈಗಳು, ಅವುಗಳಿಗೆ ಈಗ ಏನು ಮಾಡಬೇಕೋ ತಿಳಿಯದು. ಶಿವರಾತ್ರಿಯಿಂದ ಈಚೆಗೆ ಅವರು ಬಾಗಿಲು ಬಿಟ್ಟು ಕದಲುವುದಿಲ್ಲವಂತೆ, ಆ ಕಡೆ ಮುಖ ತಿರುಗಿಸುವುದೂ ಇಲ್ಲವಂತೆ. "ಅವತ್ತ ನಾ ತಿರುಗಿ ನಿಂತಿದ್ನೆಲ್ರಿ," ಅಷ್ಟೇ ಹೇಳುತ್ತಾರೆ.

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆದು ಭೀಮಪ್ಪ ಒಂದು ತಟ್ಟೆ ತಂದು ತೊಟ್ಟಿಯ ಪಕ್ಕ ಇಡುತ್ತಾರೆ. ತಟ್ಟೆಯಲ್ಲಿ ಮೂರು ಬಾಯಿಯ ಆ ಕೊಳವೆ. ಹತ್ತು ತಿಂಗಳು ಆಕೆಯ ಉಸಿರು ಹಾದುಹೋದ ದಾರಿ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ಹಳದಿಗಟ್ಟಿದೆ. ಇಷ್ಟೇ ಇಷ್ಟು! ಹೊಳೆವ್ವ ಅದನ್ನು ಮುಟ್ಟುವುದಿಲ್ಲ.

"ನಿಂತೈತಾ?" ಎಂದಷ್ಟೇ ಕೇಳುತ್ತಾರೆ.

"ನಿಂತದೆ ಕಣಕ್ಕ, ಸದ್ಯಕ್ಕೆ. ದುರ್ಮಾಂಸ ವಸಿ ಇತ್ತು, ತೆಗುದ್ರು. ಇನ್ನೊಂದಿನ ನೋಡ್ಬೇಕಂತೆ. ಆದ್ರೆ ಎಸರು ಯೋಳ್ತಾ ಇಲ್ಲ."

ಹೊಳೆವ್ವನ ಮುಖ ನೋಡಲಾಗುವುದಿಲ್ಲ. ಕೊಳವೆ ಕೈಯಿಂದ ಜಾರಿ ತೊಟ್ಟಿಗೆ ಬೀಳುತ್ತದೆ. ಬೇಡ ಅನ್ನಿಸಿಕೊಂಡದ್ದೆಲ್ಲ ಮರೆತು ಅವರು ಕೋಣೆಗೆ ಓಡುತ್ತಾರೆ. ಹಿಂದೆ ಮುರಿಗೆಪ್ಪ, ಅವರ ಹಿಂದೆ ನಾನು. ಸಾಮಾನ್ಯ ಹೊತ್ತಿನಲ್ಲಿ ನಾನು ಆ ಬಾಗಿಲ ಹತ್ತಿರವೂ ಹೋಗುತ್ತಿರಲಿಲ್ಲ.

ಚನ್ನಕ್ಕ ದಿಂಬಿಗೊರಗಿ ಅರ್ಧ ಎದ್ದು ಕೂತಿದ್ದಾಳೆ. ತುಟಿ ನೀಲಿಯಾಗಿಲ್ಲ, ಎದೆ ಏರಿ ಇಳಿಯುತ್ತಿದೆ, ಮೂಗಿನಿಂದ ಉಸಿರು ಆಡುತ್ತಿದೆ. ಕುತ್ತಿಗೆಯ ತೂತಿನ ಮೇಲೆ ಹತ್ತಿಬಟ್ಟೆಯ ಮಡಿಕೆ. ಮಾತಾಡಬೇಕಾದರೆ ಆ ಮಡಿಕೆಯನ್ನು ಒತ್ತಿ ಹಿಡಿಯಬೇಕು, ಇಲ್ಲವಾದರೆ ಗಾಳಿ ಅಲ್ಲಿಂದಲೇ ಸೋರಿ ಹೋಗುತ್ತದೆ. ತೂತು ಮಾಯಲು ಇನ್ನೂ ದಿನ ಬೇಕು. ಡಾಕ್ಟರು ಒತ್ತಲು ಹೋದರೆ ಚನ್ನಕ್ಕ ಅವರ ಕೈ ಸರಿಸುತ್ತಾಳೆ. ತಾನೂ ಒತ್ತಿಕೊಳ್ಳುವುದಿಲ್ಲ. ಹೊಳೆವ್ವನನ್ನು ಕಂಡು, ನೀರು ಸೋರುತ್ತಿದ್ದ ಅವರ ಬಲಗೈಯ ಮಣಿಕಟ್ಟು ಹಿಡಿದು ಎಳೆದುಕೊಳ್ಳುತ್ತಾಳೆ. ಹೊಳೆವ್ವ ಕೈಯನ್ನು ಹಿಂದಕ್ಕೆ ಜಗ್ಗುತ್ತಾರೆ. ಡಾಕ್ಟರು ಬೇಗ ಒಂದು ಗ್ಲೌಸ್ ಮುಂದೆ ಹಿಡಿಯುತ್ತಾರೆ. ಚನ್ನಕ್ಕ ಬೇಡ ಎಂದು ತಲೆಯಾಡಿಸುತ್ತಾಳೆ. ಡಾಕ್ಟರು ಒಂದು ಕ್ಷಣ ಯೋಚಿಸಿ, ಮಡಿಕೆಯ ಮೇಲೆ ಇನ್ನೊಂದು ಹೊಸ ಮಡಿಕೆ ಇಡುತ್ತಾರೆ. ಅದರ ಮೇಲೆ, ಶಿವರಾತ್ರಿಯ ಹೊತ್ತಿಗೆ ಬೂಚು ಬಿಗಿದ ಅದೇ ಅಂಗೈಯನ್ನು ಚನ್ನಕ್ಕ ತಾನೇ ಒತ್ತಿಕೊಳ್ಳುತ್ತಾಳೆ.

"ಚನ್ನಕ್ಕ," ಅನ್ನುತ್ತಾಳೆ. ಒಡಕು ದನಿ, ಆದರೆ ದನಿ.

ಹೆಸರು ಬಂತು, ಇನ್ನು ನಗಬಹುದು ಎಂಬುದೂ ಯಾರಿಗೂ ನೆನಪಿಲ್ಲ. ಚನ್ನಕ್ಕ ಉಸಿರು ಎಳೆದುಕೊಂಡು, ಹೊಳೆವ್ವನ ಮುಖವನ್ನೇ ನೋಡುತ್ತ, ನಿಧಾನವಾಗಿ ಮತ್ತೆ ಶುರು ಮಾಡುತ್ತಾಳೆ:

"ಕೊರಳಾಗೊಂದು ತೂತು, ತೂತಿಗೊಂದು ಬೂಚಪ್ಪ,
ಬಿಟ್ಟು ಹೋಗದಂಗ ಬಾಗ್ಲಾಗ ಕುಂತಾವ್ರು... ಮುರಿಗೆಪ್ಪ."

ಶಿವರಾತ್ರಿಯಲ್ಲಿ ಕೇಳಿದ ಒಡಪು ಶ್ರಾವಣದಲ್ಲಿ ಬಂದಿತ್ತು. ಇಷ್ಟು ತಿಂಗಳು ಯಾರಿಗೂ ತಿಳಿಯದ ಹಾಗೆ ಆಕೆ ಅದನ್ನು ಒಳಗೊಳಗೇ ಹೊಸೆಯುತ್ತಿದ್ದಳೋ, ಅಥವಾ ಆಗಲೇ ಹೊಳೆಯಿತೋ ನಾನು ಕೇಳಲಿಲ್ಲ. ಮುರಿಗೆಪ್ಪ ಈ ಸಲ ಮುಖ ತಿರುಗಿಸದೆ ನೆಟ್ಟಗೆ ನಿಂತು ಹೆಂಡತಿಯನ್ನು ನೋಡುತ್ತಿದ್ದರು. ಕೋಣೆ ಗರಬಡಿದ ಹಾಗೆ ನಿಂತಿತ್ತು. ಚನ್ನಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಈಗ ನಗ್ರೀ," ಅಂದಳು.

ಮೊದಲು ನಕ್ಕಿದ್ದು ಭೀಮಪ್ಪ. ಆಮೇಲೆ ಡಾಕ್ಟರು, ಆಮೇಲೆ ಅಳುತ್ತಲೇ ಮುರಿಗೆಪ್ಪ. ಹೊಳೆವ್ವ ಮಾತ್ರ ನಗಲಿಲ್ಲ. ಅಂಗೈಯನ್ನು ಅಲ್ಲಿಯೇ ಇಟ್ಟುಕೊಂಡು ಕಣ್ಣು ಮುಚ್ಚಿ ನಿಂತಿದ್ದರು.

ನಾನು ಹೊರಡುವ ಹೊತ್ತಿಗೆ ಅವರು ತೊಟ್ಟಿಯ ಮುಂದಿದ್ದಾರೆ. ಮಧ್ಯಾಹ್ನಕ್ಕೆ ಇನ್ನೆರಡು ಕೇಸುಗಳಿವೆ, ಕೊಳವೆಗಳು ರಾಶಿ ಬಿದ್ದಿವೆ. ನಲ್ಲಿ ತಿರುಗಿಸಿಲ್ಲ. ಬಲಗೈಯನ್ನು ಎದೆಯ ಹತ್ತಿರ ಹಿಡಿದುಕೊಂಡು ಸುಮ್ಮನೆ ನಿಂತಿದ್ದಾರೆ. ನನ್ನನ್ನು ಕಂಡು ಅಂಗೈ ತೆರೆದು ತೋರಿಸುತ್ತಾರೆ, ಚರ್ಮ ಸುಲಿದ, ಬಿಳಿಚಿದ, ಔಷಧಿ ನಾರುವ ಅಂಗೈ.

"ಆಕಿ ಗಂಡನ ಹೆಸರು ಇಲ್ಲಿ ತಾಗ್ತ್ರಿ ಅಕ್ಕಾರ, ಗುಂಯ್ ಅಂತ," ಅನ್ನುತ್ತಾರೆ. "ಇವತ್ತೊಂದಿನ ಈ ಕೈ ತೊಳಿಬಾರದು ಅನಸ್ತೈತಿ. ಆದ್ರ ಏನ್ ಮಾಡೂದ್ರಿ, ಕೊಳವಿ ಬಿದ್ದಾವಲ್ಲ."

ನಲ್ಲಿ ತಿರುಗಿಸುತ್ತಾರೆ.